ಹಳೇ ಲ್ಯಾಪ್‌ಟಾಪ್ ಆನ್ ಆಗ್ತಿಲ್ವಾ? ಫಾರ್ಮ್ಯಾಟ್ ಮಾಡಿಸೋ ಮುಂಚೆ ಇದನ್ನ ಓದಿ

ಪುಣೆಯಿಂದ ಮಾತಾಡ್ತಿದ್ದೇನೆ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಬಸ್ಸಲ್ಲೋ ಲೋಕಲ್‌ನಲ್ಲೋ ಓದಿಬಿಡ್ತೀವಿ ಅನ್ನೋರಿಗಾಗಿ ಈ ವಾರದ ಮಾತಿನ ಬರಹ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೇನೆ.

ಕೆಲವು ದಿನಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಗದಗದಿಂದ ಅಪ್ಪಾಜಿ ಫೋನ್ ಮಾಡಿದ್ರು. "ನಿನ್ನ ಹಳೇ ಲ್ಯಾಪ್‌ಟಾಪ್ ಐತಲ್ಲ, ಅದು ಚಾಲೂನ ಆಗವಲ್ತು ನೋಡಪಾ. ಇಲ್ಲಿ ಅಂಗಡಿಯವನ್ನ ಕೇಳ್ದೆ. ಫಾರ್ಮ್ಯಾಟ್ ಮಾಡಿದ್ರ ಸರಿ ಆಗ್ತದ ಅಂದ. ಕೊಟ್ಟುಬಿಡ್ಲೇನು?"

ನಾನು ಚಹಾದ ಕಪ್ ಕೆಳಗಿಟ್ಟು ಹೇಳಿದ ಮೊದಲ ಮಾತು, "ಕೊಡಬ್ಯಾಡ್ರಿ ಅಪ್ಪಾಜಿ, ಒಂದ್ ತಾಸು ತಡೀರಿ."

ಆ ಲ್ಯಾಪ್‌ಟಾಪ್ ನಾನು 2013ರಲ್ಲಿ ಮೊದಲ ನೌಕರಿ ಸೇರಿದಾಗ ಕೊಂಡಿದ್ದು. ಹೊಸದು ಬಂದ ಮೇಲೆ ಊರಲ್ಲಿ ಬಿಟ್ಟುಬಂದಿದ್ದೆ. ಮಾರಿದ್ರೆ ಹೆಚ್ಚೇನೂ ಬರಲ್ಲ. ಆದ್ರೆ ಅದರೊಳಗೆ ನಮ್ಮ ಅವ್ವನ ಫೋಟೋಗಳಿವೆ. ಅವ್ವ ತೀರಿಕೊಂಡು ವರ್ಷ ಆಗ್ತಾ ಬಂದಿತ್ತು. ವರ್ಷದ ಕಾರ್ಯಕ್ಕೆ ಒಂದು ಒಳ್ಳೇ ಫೋಟೋ ದೊಡ್ಡದು ಮಾಡಿಸಬೇಕು ಅಂತ ಅಪ್ಪಾಜಿ ಆ ಲ್ಯಾಪ್‌ಟಾಪ್ ತೆಗೆದಿದ್ರು. ಬೇರೆ ಕಡೆ ಕಾಪಿ ಇತ್ತಾ? ಇರಲಿಲ್ಲ. ಹದಿಮೂರು ವರ್ಷ ಐಟಿಯಲ್ಲಿ ದುಡಿದವನ ಮನೆಯ ಕಥೆ ಇದು. ನಿಮ್ಮ ಮನೆಯದೂ ಹೀಗೇ ಇದ್ರೆ ನಾಚಿಕೊಳ್ಳಬೇಡಿ, ಮುಂದೆ ಓದಿ.

ಮೊದಲು ಒಂದು ತಪ್ಪೊಪ್ಪಿಗೆ

"ಫಾರ್ಮ್ಯಾಟ್" ಅಂದ ತಕ್ಷಣ ನನಗೆ ಯಾಕೆ ಎದೆ ಝಲ್ಲಂತು ಅಂದ್ರೆ, ಆ ತಪ್ಪು ನಾನೇ ಮಾಡಿದ್ದೀನಿ. ಪುಣೆಗೆ ಬಂದ ಹೊಸದರಲ್ಲಿ ರೂಮ್‌ಮೇಟ್ ಒಬ್ಬನ ಲ್ಯಾಪ್‌ಟಾಪ್ ಲೋಗೋ ತೋರಿಸಿ ಅಲ್ಲೇ ನಿಲ್ತಿತ್ತು. "ಹಾ, ವಿಂಡೋಸ್ ಹೋಗಿದೆ, ಅರ್ಧ ತಾಸಿನ ಕೆಲಸ" ಅಂತ ಪೆನ್‌ಡ್ರೈವ್ ಹಾಕಿ ಹೊಸದಾಗಿ ಇನ್‌ಸ್ಟಾಲ್ ಮಾಡಿಕೊಟ್ಟೆ. ಲ್ಯಾಪ್‌ಟಾಪ್ ಶುರುವಾಯ್ತು, ಅವನು ಖುಷಿಯಾಗಿ ಟ್ರೀಟ್ ಕೂಡ ಕೊಡಿಸಿದ. ಎರಡು ದಿನ ಬಿಟ್ಟು ಕೇಳಿದ: "ಡೆಸ್ಕ್‌ಟಾಪ್ ಮೇಲೆ ಅಕ್ಕನ ಮದುವೆ ಅಂತ ಒಂದು ಫೋಲ್ಡರ್ ಇತ್ತು, ಎಲ್ಲಿಟ್ಟಿದ್ದೀಯಾ?"

ಡೆಸ್ಕ್‌ಟಾಪ್ ಅನ್ನೋದು ಸಿ ಡ್ರೈವ್‌ನಲ್ಲೇ ಇರುತ್ತೆ ಅನ್ನೋದು ನನಗೆ ಗೊತ್ತಿತ್ತು. ಆ ಹೊತ್ತಿಗೆ ನೆನಪಾಗಲಿಲ್ಲ ಅಷ್ಟೇ. ಅವನು ಜಗಳ ಮಾಡಲಿಲ್ಲ. ಮಾಡಿದ್ರೆ ಚೆನ್ನಾಗಿರ್ತಿತ್ತು.

ಇವತ್ತಿನ ಮಾತಿನ ಸಾರ ಇಷ್ಟೇ: ಲ್ಯಾಪ್‌ಟಾಪ್ ಬೇರೆ, ಅದರೊಳಗಿನ ಡೇಟಾ ಬೇರೆ. ಲ್ಯಾಪ್‌ಟಾಪ್ ಸತ್ತಂತೆ ಕಂಡರೂ ಬಹಳ ಸಲ ಡೇಟಾ ಸುರಕ್ಷಿತವಾಗೇ ಇರುತ್ತೆ. ಅವಸರದ ರಿಪೇರಿಯಲ್ಲಿ ನಾವೇ ಅದನ್ನ ಕೊಲ್ತೀವಿ.

ಬಸ್ ಎಲ್ಲಿ ನಿಂತಿದೆ?

"ಆನ್ ಆಗ್ತಿಲ್ಲ" ಅನ್ನೋದು ಒಂದೇ ಕಾಯಿಲೆ ಅಲ್ಲ. ಪುಣೆಯಿಂದ ರಾತ್ರಿ ಹೊರಟ ಬಸ್ ಬೆಳಿಗ್ಗೆ ಗದಗಕ್ಕೆ ಬರಲಿಲ್ಲ ಅಂದುಕೊಳ್ಳಿ. ಸ್ವಾರಗೇಟ್‌ನಿಂದ ಹೊರಟೇ ಇಲ್ವಾ? ಖಂಬಾಟಕಿ ಘಾಟ್‌ನಲ್ಲಿ ಸಿಕ್ಕಿಕೊಂಡಿದೆಯಾ? ಹುಬ್ಬಳ್ಳಿಗೆ ಬಂದು ಅಲ್ಲಿ ಕೆಟ್ಟಿದೆಯಾ? ಎಲ್ಲಿ ನಿಂತಿದೆ ಅಂತ ಗೊತ್ತಾಗದೆ ಮೆಕ್ಯಾನಿಕ್‌ನ ಎಲ್ಲಿಗೆ ಕಳಿಸ್ತೀರಿ?

ಲ್ಯಾಪ್‌ಟಾಪ್‌ಗೂ ದಾರಿ ಇದೆ. ನೀವು ಪವರ್ ಬಟನ್ ಒತ್ತಿದಾಗ ಮೊದಲು ಬೋರ್ಡಿಗೆ ಕರೆಂಟ್ ಹೋಗಬೇಕು. ಆಮೇಲೆ ಬಯೋಸ್ ಅನ್ನೋ ಸಣ್ಣ ಪ್ರೋಗ್ರಾಂ ಎದ್ದು ಪ್ರೊಸೆಸರ್, ರ‍್ಯಾಮ್, ಡಿಸ್‌ಪ್ಲೇ ಸರಿಯಿದೆಯಾ ಅಂತ ಹಾಜರಿ ತಗೊಳ್ಳುತ್ತೆ. ಹಾಜರಿ ಮುಗಿದ ಮೇಲೆ ಆಪರೇಟಿಂಗ್ ಸಿಸ್ಟಂ ಯಾವ ಡಿಸ್ಕ್‌ನಲ್ಲಿದೆ ಅಂತ ಹುಡುಕುತ್ತೆ. ಸಿಕ್ಕ ಮೇಲೆ ವಿಂಡೋಸ್ ಅಥವಾ ಲಿನಕ್ಸ್ ಲೋಡ್ ಆಗುತ್ತೆ. ಅಂದ್ರೆ ನಾಲ್ಕು ನಿಲ್ದಾಣ: ಕರೆಂಟ್, ಹಾಜರಿ, ಡಿಸ್ಕ್, ವಿಂಡೋಸ್. ನಿಮ್ಮದು ಯಾವ ನಿಲ್ದಾಣದವರೆಗೆ ಬಂದಿದೆ ಅನ್ನೋದನ್ನ ಕಣ್ಣು ಕಿವಿ ಎರಡರಿಂದಲೇ ಬಹುತೇಕ ಹೇಳಬಹುದು.

ಒಂದು ಎಚ್ಚರಿಕೆ. ಆಫೀಸ್ ಲ್ಯಾಪ್‌ಟಾಪ್ ಆಗಿದ್ರೆ ಸ್ಕ್ರೂಡ್ರೈವರ್ ಮುಟ್ಟಬೇಡಿ, ಐಟಿ ಸಪೋರ್ಟ್‌ಗೆ ಟಿಕೆಟ್ ಹಾಕಿ. ಇದೆಲ್ಲ ನಮ್ಮ ಸ್ವಂತ, ವಾರಂಟಿ ಮುಗಿದ ಹಳೇ ಲ್ಯಾಪ್‌ಟಾಪ್‌ಗಳಿಗೆ ಮಾತ್ರ.

ನಿಲ್ದಾಣ ಒಂದು: ಕರೆಂಟೇ ಹೋಗ್ತಿಲ್ಲ

ಲಕ್ಷಣ: ಬಟನ್ ಒತ್ತಿದ್ರೆ ದೀಪ ಇಲ್ಲ, ಫ್ಯಾನ್ ಸದ್ದಿಲ್ಲ, ಏನೂ ಇಲ್ಲ.

ಅಪ್ಪಾಜಿಗೆ ಮೊದಲು ಕೇಳಿದ್ದು, "ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡ್ರಿ, ಚಾರ್ಜ್ ಆಗ್ತದೇನು?" ನಗಬೇಡಿ. ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್ ಕೆಟ್ಟು ಲ್ಯಾಪ್‌ಟಾಪ್ ಅಂಗಡಿಗೆ ಹೋದ ಉದಾಹರಣೆಗಳಿವೆ.

ಆಮೇಲೆ ಅಡಾಪ್ಟರ್. ಅದರ ಮೇಲೆ ದೀಪ ಇದ್ರೆ ಒಂದು ಪರೀಕ್ಷೆ ಸುಲಭ. ಗೋಡೆಯ ಪ್ಲಗ್ಗಿಗೆ ಹಾಕಿದಾಗ ದೀಪ ಹತ್ತಿ, ಲ್ಯಾಪ್‌ಟಾಪ್‌ಗೆ ಪಿನ್ ಚುಚ್ಚಿದ ತಕ್ಷಣ ಆರಿಹೋದ್ರೆ, ಚಾರ್ಜಿಂಗ್ ಜ್ಯಾಕ್‌ನಲ್ಲೋ ಬೋರ್ಡ್‌ನಲ್ಲೋ ಶಾರ್ಟ್ ಇರುವ ಸಾಧ್ಯತೆ ಹೆಚ್ಚು. ಅಡಾಪ್ಟರ್ ತನ್ನನ್ನ ತಾನು ಕಾಪಾಡಿಕೊಳ್ಳೋಕೆ ಆಫ್ ಆಗ್ತಿದೆ. ಅಲ್ಲಿಗೆ ನಿಲ್ಲಿಸಿ. ಇದು ಮನೆಯಲ್ಲಿ ಮಾಡೋ ಕೆಲಸ ಅಲ್ಲ.

ಅಡಾಪ್ಟರೇ ಸತ್ತಿದ್ರೆ ಬೇರೆಯವರದನ್ನ ಹಾಕಿ ನೋಡಬಹುದು. ಆದ್ರೆ ಪಿನ್ ಕೂತರೆ ಸಾಲದು. ಕೆಳಗಿನ ಲೇಬಲ್‌ನಲ್ಲಿ ಔಟ್‌ಪುಟ್ ಅಂತ ಬರೆದಿರುತ್ತೆ, ಉದಾಹರಣೆಗೆ 19.5 ವೋಲ್ಟ್, 3.34 ಆಂಪಿಯರ್. ಎರಡನ್ನೂ ಗುಣಿಸಿದ್ರೆ 65 ವ್ಯಾಟ್. ವೋಲ್ಟ್ ಹೊಂದಬೇಕು. ಆಂಪಿಯರ್ ಅಷ್ಟೇ ಇರಬೇಕು ಅಥವಾ ಹೆಚ್ಚಿರಬೇಕು, ಕಡಿಮೆ ಇರಬಾರದು.

ಬಹಳ ತಿಂಗಳು ಬಳಸದೆ ಇಟ್ಟ ಲ್ಯಾಪ್‌ಟಾಪ್ ಆದ್ರೆ ಬ್ಯಾಟರಿ ಪೂರ್ತಿ ಇಳಿದಿರುತ್ತೆ. ಚಾರ್ಜರ್ ಹಾಕಿ ಅರ್ಧ ತಾಸಾದ್ರೂ ಬಿಡಿ. ಆಗಲೂ ಏಳದಿದ್ರೆ ಈ ಕೆಲಸ ಮಾಡಿ. ಇದಕ್ಕೆ ದುಡ್ಡು ಬೇಡ, ಡೇಟಾಗೆ ಅಪಾಯವೂ ಇಲ್ಲ:

1. ಚಾರ್ಜರ್ ಕಿತ್ತು, ಪೆನ್‌ಡ್ರೈವ್, ಮೌಸ್, ಮೆಮೊರಿ ಕಾರ್ಡ್ ಎಲ್ಲ ತೆಗೆಯಿರಿ.
2. ಬ್ಯಾಟರಿ ಕೆಳಗಡೆಯಿಂದ ಬಿಚ್ಚುವಂಥದ್ದಾದ್ರೆ ಬಿಚ್ಚಿ ಪಕ್ಕಕ್ಕಿಡಿ.
3. ಪವರ್ ಬಟನ್ ಅನ್ನು ಪೂರ್ತಿ 30 ಸೆಕೆಂಡ್ ಒತ್ತಿ ಹಿಡಿಯಿರಿ.
4. ಬ್ಯಾಟರಿ ಹಾಕದೆ, ಬರೀ ಚಾರ್ಜರ್ ಕೊಟ್ಟು ಆನ್ ಮಾಡಿ.

ಬೋರ್ಡ್‌ನಲ್ಲಿ ಉಳಿದ ಚಾರ್ಜ್ ಇದರಿಂದ ಖಾಲಿಯಾಗುತ್ತೆ. ಪವರ್ ನೋಡಿಕೊಳ್ಳೋ ಸಣ್ಣ ಚಿಪ್ ಎಲ್ಲೋ ಸಿಕ್ಕಿಹಾಕಿಕೊಂಡಿದ್ರೆ ಹೊಸದಾಗಿ ಶುರು ಮಾಡುತ್ತೆ. ಹೀಗೆ ಬ್ಯಾಟರಿ ಇಲ್ಲದೆ ಆನ್ ಆಯ್ತು ಅಂದ್ರೆ ಬ್ಯಾಟರಿ ಮೇಲೆ ಅನುಮಾನ ಇಡಿ.

ಬ್ಯಾಟರಿ ಉಬ್ಬಿದ್ರೆ, ಅಂದ್ರೆ ಟಚ್‌ಪ್ಯಾಡ್ ಮೇಲೆದ್ದಿದ್ರೆ ಅಥವಾ ಕೆಳಗಿನ ಮುಚ್ಚಳ ಬಾಯಿ ಬಿಟ್ಟಿದ್ರೆ, ಚಾರ್ಜ್ ಹಾಕಲೇಬೇಡಿ, ಒತ್ತಿ ಕೂರಿಸೋಕೂ ಹೋಗಬೇಡಿ. ಅದು ಬೆಂಕಿಯ ಅಪಾಯ.

ಇನ್ನು ನೀರೋ ಚಹಾವೋ ಚೆಲ್ಲಿ ಆಫ್ ಆಗಿದ್ರೆ "ಆನ್ ಆಗುತ್ತಾ ನೋಡೋಣ" ಅನ್ನೋ ಆಸೆ ಬಿಡಿ. ನೀರಿಗಿಂತ ನೀರಿನ ಜೊತೆ ಕರೆಂಟ್ ಸೇರಿದಾಗಲೇ ಹೆಚ್ಚು ಹಾನಿ. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಏನೂ ಪ್ರಯೋಜನ ಇಲ್ಲ. ಬಿಚ್ಚಿ ಬೋರ್ಡ್ ತೊಳೆದು ಒಣಗಿಸುವವರಿಗೆ ಕೊಡಿ.

ಅಪ್ಪಾಜಿಯ ಲ್ಯಾಪ್‌ಟಾಪ್ 30 ಸೆಕೆಂಡಿನ ಕೆಲಸ ಆದ ಮೇಲೆ ದೀಪ ಹತ್ತಿಸ್ತು. "ಫ್ಯಾನ್ ತಿರುಗಾಕತ್ತೇತಿ!" ಅಂದ್ರು. ಬಸ್ ಸ್ವಾರಗೇಟ್ ಬಿಟ್ಟಿತ್ತು.

ನಿಲ್ದಾಣ ಎರಡು: ದೀಪ ಉರಿತಿದೆ, ಸ್ಕ್ರೀನ್ ಕಪ್ಪು

ಅಂಗಡಿಗಳಲ್ಲಿ "ಮದರ್‌ಬೋರ್ಡ್ ಹೋಗಿದೆ ಸರ್" ಅನ್ನೋ ಮಾತು ಹೆಚ್ಚಾಗಿ ಕೇಳಿಬರೋದು ಇಲ್ಲೇ. ಕೆಲವು ಸಲ ನಿಜ. ಆದ್ರೆ ಅದನ್ನ ನಂಬೋ ಮುಂಚೆ ಎರಡು ಪ್ರಶ್ನೆಗೆ ಉತ್ತರ ಬೇಕು.

ಮೊದಲನೇದು, ಲ್ಯಾಪ್‌ಟಾಪ್ ಬದುಕಿದೆಯಾ? ಆನ್ ಮಾಡಿ ಒಂದೆರಡು ನಿಮಿಷ ಬಿಟ್ಟು ಕ್ಯಾಪ್ಸ್ ಲಾಕ್ ಒತ್ತಿ. ಒತ್ತಿದಾಗೆಲ್ಲ ಅದರ ದೀಪ ಹತ್ತಿ ಆರಿ ಮಾಡ್ತಿದ್ರೆ ಒಳಗೆ ಕೆಲಸ ನಡೀತಿದೆ, ತೊಂದರೆ ಸ್ಕ್ರೀನಿನದು. ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನ ಓರೆಯಾಗಿ ಸ್ಕ್ರೀನಿಗೆ ಹಿಡೀರಿ. ಮಸುಕಾಗಿ ಅಕ್ಷರ ಕಂಡ್ರೆ ಬ್ಯಾಕ್‌ಲೈಟ್ ಹೋಗಿದೆ ಅಷ್ಟೇ. ಎಚ್‌ಡಿಎಂಐ ಕೇಬಲ್‌ನಿಂದ ಟಿವಿಗೆ ಹಾಕಿ, ವಿಂಡೋಸ್ ಕೀ ಜೊತೆ ಪಿ ಒತ್ತಿ ನೋಡಿ. ಟಿವಿಯಲ್ಲಿ ಚಿತ್ರ ಬಂತು ಅಂದ್ರೆ ಬೋರ್ಡ್ ಸರಿಯಿದೆ, ನಿಮ್ಮ ಡೇಟಾವನ್ನ ಅಲ್ಲೇ ಕೂತು ಕಾಪಿ ಮಾಡ್ಕೋಬಹುದು. ಹೊಸ ಸ್ಕ್ರೀನ್ ಬೇಕಾ ಬೇಡವಾ ಅನ್ನೋದು ಆಮೇಲಿನ ಮಾತು.

ಎರಡನೇದು, ಅದು ಏನಾದ್ರೂ ಹೇಳ್ತಿದೆಯಾ? ಹಾಜರಿಯಲ್ಲಿ ಯಾರೋ ಬಂದಿಲ್ಲ ಅಂದ್ರೆ ಬಯೋಸ್ ಬೀಪ್ ಸದ್ದಿನಿಂದಲೋ ದೀಪ ಮಿಟುಕಿಸಿಯೋ ಹೇಳುತ್ತೆ. ಡೆಲ್‌ನ ಹಲವು ಮಾದರಿಗಳಲ್ಲಿ ದೀಪ ಎರಡು ಸಲ ಕೇಸರಿ, ಮೂರು ಸಲ ಬಿಳಿ ಮಿಟುಕಿದ್ರೆ ರ‍್ಯಾಮ್ ಕಾಣ್ತಿಲ್ಲ ಅಂತ ಅರ್ಥ. ಎಚ್‌ಪಿಯಲ್ಲಿ ಕ್ಯಾಪ್ಸ್ ಲಾಕ್ ದೀಪ ಲೆಕ್ಕ ಹಾಕಿ ಮಿಟುಕುತ್ತೆ. ಕಂಪನಿ ಕಂಪನಿಗೆ ಈ ಸಂಕೇತ ಬೇರೆ. ಫೋನಲ್ಲಿ ಅದರ ವಿಡಿಯೋ ಮಾಡ್ಕೊಳ್ಳಿ, ನಿಧಾನವಾಗಿ ಎಣಿಸಿ, ನಿಮ್ಮ ಮಾದರಿಯ ಮ್ಯಾನ್ಯುಯಲ್‌ನಲ್ಲಿ ಹುಡುಕಿ.

ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಇಲ್ಲಿನ ಮಾಮೂಲಿ ಕಳ್ಳ ರ‍್ಯಾಮ್. ಕೆಟ್ಟಿರೋದಿಲ್ಲ, ಸರಿಯಾಗಿ ಕೂತಿರೋದಿಲ್ಲ. ಮುಂಬೈ, ಚೆನ್ನೈನಂಥ ಊರಲ್ಲಿ ಸಮುದ್ರದ ಗಾಳಿ, ಮಳೆಗಾಲದ ತೇವ ಎರಡೂ ಸೇರಿ ಅದರ ಪಿನ್ನುಗಳ ಮೇಲೆ ಸಣ್ಣ ಪದರ ಕೂರುತ್ತೆ. ತೆಗೆದು ಮತ್ತೆ ಹಾಕಿದ್ರೆ ಎಷ್ಟೋ ಲ್ಯಾಪ್‌ಟಾಪ್ ಎದ್ದು ಕೂರುತ್ತವೆ.

ಮಾಡೋದು ಹೇಗೆ? ಚಾರ್ಜರ್, ಬ್ಯಾಟರಿ ಎರಡೂ ತೆಗೆದಿರಬೇಕು. ಬ್ಯಾಟರಿ ಒಳಗಡೆ ಇರೋ ಮಾದರಿ ಆದ್ರೆ ಮುಚ್ಚಳ ತೆಗೆದು ಮೊದಲು ಅದರ ಕನೆಕ್ಟರ್ ಬಿಡಿಸಬೇಕು. ಇದು ಕಷ್ಟ ಅನ್ನಿಸಿದ್ರೆ ಇಲ್ಲಿಗೇ ನಿಲ್ಲಿಸಿ. ಕೈಯನ್ನ ಯಾವುದಾದ್ರೂ ಲೋಹಕ್ಕೆ ಒಮ್ಮೆ ಮುಟ್ಟಿಸಿ, ಮೈಯಲ್ಲಿನ ಸ್ಟ್ಯಾಟಿಕ್ ಹೋಗಲಿ. ರ‍್ಯಾಮ್‌ನ ಎರಡೂ ಬದಿಯ ಕ್ಲಿಪ್ಪನ್ನ ಹೊರಗೆ ಸರಿಸಿದ್ರೆ ಅದು ತಾನಾಗೇ ಓರೆಯಾಗಿ ಮೇಲೇಳುತ್ತೆ. ಚಿನ್ನದ ಬಣ್ಣದ ಪಿನ್ನುಗಳನ್ನ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಒಣಗಿಸಿ, ಓರೆಯಾಗಿಯೇ ತೂರಿಸಿ ಕ್ಲಿಕ್ ಅನ್ನೋವರೆಗೆ ಕೆಳಗೊತ್ತಿ. ಎರಡು ರ‍್ಯಾಮ್ ಇದ್ರೆ ಒಂದೊಂದನ್ನೇ ಹಾಕಿ, ಎರಡೂ ಸ್ಲಾಟ್‌ನಲ್ಲಿ ಪರೀಕ್ಷಿಸಿ. ಯಾವುದು ಹಾಕಿದಾಗ ನಿಲ್ಲುತ್ತೋ ಅದೇ ಅಪರಾಧಿ.

ನಿಲ್ದಾಣ ಮೂರು: ಲೋಗೋ ಬರುತ್ತೆ, ಡಿಸ್ಕ್ ಸಿಗೋದಿಲ್ಲ

ಅಪ್ಪಾಜಿಯ ಸ್ಕ್ರೀನ್ ಮೇಲೆ ಲೋಗೋ ಬಂತು, ಹಿಂದೆಯೇ ಬಿಳಿ ಅಕ್ಷರ. ಅಪ್ಪಾಜಿ ಒಂದೊಂದೇ ಅಕ್ಷರ ಕೂಡಿಸಿ ಓದಿದ್ರು: "ನೋ ಬೂಟೆಬಲ್ ಡಿವೈಸ್ ಫೌಂಡ್." ಅಂಗಡಿಯವನು ಫಾರ್ಮ್ಯಾಟ್ ಅಂದಿದ್ದು ಇದನ್ನ ನೋಡಿಯೇ ಇರಬೇಕು. ಅವನ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಎದ್ದಿರಬೇಕು, ಮನೆಗೆ ಬಂದ ಮೇಲೆ ಮತ್ತೆ ಮಲಗಿತ್ತು.

ಈ ಸಂದೇಶದ ಅರ್ಥ "ಡಿಸ್ಕ್ ಸತ್ತಿದೆ" ಅಂತಲ್ಲ. "ನನಗೆ ಹೇಳಿದ ಜಾಗದಲ್ಲಿ, ಹೇಳಿದ ರೀತಿಯಲ್ಲಿ ಹುಡುಕಿದೆ, ಸಿಗಲಿಲ್ಲ" ಅಂತ. ವಿಳಾಸವೇ ತಪ್ಪಿದ್ರೆ ಮನೆ ಇದ್ರೂ ಸಿಗಲ್ಲ ಅಲ್ವಾ?

ಮೊದಲು ಕಿವಿ ಕೊಡಿ. ಹಳೇ ಹಾರ್ಡ್‌ಡಿಸ್ಕ್ ಒಳಗೆ ತಟ್ಟೆ ತಿರುಗುತ್ತೆ, ಅದರ ಮೇಲೆ ಸೂಜಿಯಂಥ ಹೆಡ್ ಓಡಾಡುತ್ತೆ. ಟಕ್, ಟಕ್, ಟಕ್ ಅಂತ ಒಂದೇ ಲಯದಲ್ಲಿ ಬಡಿಯೋ ಸದ್ದು ಬಂದ್ರೆ ತಕ್ಷಣ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ತಟ್ಟೆ ಗೀರಿ ಹೋಗಬಹುದು. ಫ್ರಿಜ್‌ನಲ್ಲಿಡಿ, ಬಡಿದು ನೋಡಿ ಅನ್ನೋ ಸಲಹೆ ಕೇಳಬೇಡಿ. ಆ ಡೇಟಾ ನಿಮಗೆ ಅಮೂಲ್ಯ ಅಂದ್ರೆ ಡೇಟಾ ರಿಕವರಿ ಲ್ಯಾಬ್‌ಗೆ ಹೋಗಬೇಕು. ಖರ್ಚು ಜಾಸ್ತಿ, ಆದ್ರೆ ಅದೊಂದೇ ದಾರಿ.

ಅಂಥ ಸದ್ದಿಲ್ಲ ಅಂದ್ರೆ ಬಯೋಸ್ ಒಳಗೆ ಹೋಗಿ ನೋಡೋಣ. ಆನ್ ಮಾಡಿದ ತಕ್ಷಣ ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್10, ಲೆನೊವೊ ಥಿಂಕ್‌ಪ್ಯಾಡ್‌ನಲ್ಲಿ ಎಫ್1, ಏಸರ್ ಮತ್ತು ಆಸುಸ್‌ನಲ್ಲಿ ಸಾಮಾನ್ಯವಾಗಿ ಎಫ್2. ಅಲ್ಲಿ ಮೂರು ವಿಷಯ ನೋಡಿ. ಏನನ್ನೇ ಬದಲಿಸೋ ಮುಂಚೆ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ.

ಡಿಸ್ಕ್‌ನ ಹೆಸರು ಪಟ್ಟಿಯಲ್ಲಿ ಇದೆಯಾ? ಇದ್ರೆ ಅರ್ಧ ಗೆದ್ದಂತೆ. ಇಲ್ಲದಿದ್ರೆ ಕನೆಕ್ಟರ್ ಸಡಿಲವಾಗಿರಬಹುದು ಅಥವಾ ಡಿಸ್ಕ್ ಹೋಗಿರಬಹುದು.

ದಿನಾಂಕ ಸರಿಯಿದೆಯಾ? ಬೋರ್ಡ್ ಮೇಲೆ ನಾಣ್ಯದ ಆಕಾರದ 3 ವೋಲ್ಟ್‌ನ ಒಂದು ಸೆಲ್ ಇರುತ್ತೆ, ಹೆಚ್ಚಿನವುಗಳಲ್ಲಿ ಸಿಆರ್2032. ಲ್ಯಾಪ್‌ಟಾಪ್ ಆಫ್ ಇದ್ದಾಗ ಗಡಿಯಾರವನ್ನ ಅದೇ ನಡೆಸೋದು. ಹಳೇ ಮಾದರಿಗಳಲ್ಲಿ ಬಯೋಸ್ ಸೆಟ್ಟಿಂಗ್‌ಗಳನ್ನ ನೆನಪಿಡೋದೂ ಅದೇ. ಆ ಸೆಲ್ ಸತ್ತು, ದೊಡ್ಡ ಬ್ಯಾಟರಿಯೂ ಖಾಲಿಯಾದ್ರೆ ಬಯೋಸ್‌ಗೆ ಮರೆವು ಬರುತ್ತೆ.

ಬೂಟ್ ಮೋಡ್ ಯಾವುದಿದೆ? ಯುಇಎಫ್‌ಐ ಮತ್ತು ಲೆಗಸಿ ಅಂತ ಎರಡು ರೀತಿ ಇದೆ. ವಿಂಡೋಸ್ ಒಂದರಲ್ಲಿ ಇನ್‌ಸ್ಟಾಲ್ ಆಗಿ, ಬಯೋಸ್ ಇನ್ನೊಂದರಲ್ಲಿ ಹುಡುಕಿದ್ರೆ ಸಿಗೋದು ಇದೇ ಸಂದೇಶ.

"ಅಪ್ಪಾಜಿ, ಅದರಾಗ ತಾರೀಖು ಏನೈತಿ?" ಅಂತ ಕೇಳಿದೆ. ಅಪ್ಪಾಜಿ ಕನ್ನಡಕ ಸರಿಮಾಡಿಕೊಂಡು ಹೇಳಿದ್ರು: "ಜನವರಿ ಒಂದು, ಎರಡು ಸಾವಿರದ ಹದಿಮೂರು."

ಗುಟ್ಟು ಅಲ್ಲಿತ್ತು. ತಿಂಗಳುಗಟ್ಟಲೆ ಕಪಾಟಿನಲ್ಲಿದ್ದ ಲ್ಯಾಪ್‌ಟಾಪ್, ಸತ್ತ ಬ್ಯಾಟರಿ, ಸತ್ತ ಸೆಲ್. ಬಯೋಸ್ ತಾನು ಹುಟ್ಟಿದ ದಿನಕ್ಕೆ ವಾಪಸ್ ಹೋಗಿ ಲೆಗಸಿ ಮೋಡ್‌ನಲ್ಲಿ ಕೂತಿತ್ತು. ವಿಂಡೋಸ್ ಇದ್ದಿದ್ದು ಯುಇಎಫ್‌ಐನಲ್ಲಿ. ವಿಡಿಯೋ ಕಾಲ್‌ನಲ್ಲಿ ಕೀಬೋರ್ಡ್ ತೋರಿಸಿಕೊಂಡು, ಬಾಣದ ಗುರುತಿನ ಕೀಗಳಿಂದ ಅಪ್ಪಾಜಿ ಅದನ್ನ ಬದಲಿಸಿದ್ರು, ದಿನಾಂಕ ತಿದ್ದಿದ್ರು, ಸೇವ್ ಮಾಡಿದ್ರು. ವಿಂಡೋಸ್ ತಿರುಗೋಕೆ ಶುರುವಾಯ್ತು.

ಪಟ್ಟಿಯಲ್ಲಿ ಡಿಸ್ಕ್ ಇದ್ದೂ ಬೂಟ್ ಆಗದಿದ್ರೆ ಕಂಪನಿಯದೇ ಪರೀಕ್ಷಾ ಪ್ರೋಗ್ರಾಂ ಓಡಿಸಿ. ಡೆಲ್‌ನಲ್ಲಿ ಎಫ್12 ಒತ್ತಿ ಡಯಾಗ್ನೊಸ್ಟಿಕ್ಸ್, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಎಫ್2. ಡಿಸ್ಕ್ ಫೇಲ್ ಅಂತ ಬಂದ್ರೆ ರಿಪೇರಿ ಕಮಾಂಡ್‌ಗಳನ್ನ ಓಡಿಸಬೇಡಿ. ಸಾಯ್ತಿರೋ ಡಿಸ್ಕ್ ಮೇಲೆ ಚೆಕ್‌ಡಿಸ್ಕ್ ಓಡಿಸೋದು ಸುಸ್ತಾದ ಎತ್ತಿಗೆ ಇನ್ನೊಂದು ಮೂಟೆ ಹೊರಿಸಿದ ಹಾಗೆ. ಮೊದಲು ಕಾಪಿ, ಆಮೇಲೆ ರಿಪೇರಿ.

ಕಾಪಿ ಮಾಡ್ಕೊಳ್ಳೋದು ಹೇಗೆ?

ಎರಡು ದಾರಿ ಇವೆ, ಎರಡೂ ಅಗ್ಗ.

ಒಂದು, ಡಿಸ್ಕ್ ಹೊರಗೆ ತೆಗೆಯೋದು. ಹಳೇ ಲ್ಯಾಪ್‌ಟಾಪ್‌ಗಳಲ್ಲಿ 2.5 ಇಂಚಿನ ಸಾಟಾ ಡಿಸ್ಕ್ ಕೆಲವೇ ಸ್ಕ್ರೂ ಬಿಚ್ಚಿದ್ರೆ ಬರುತ್ತೆ. ಸಾಟಾದಿಂದ ಯುಎಸ್‌ಬಿಗೆ ಕನೆಕ್ಟ್ ಮಾಡೋ ಕೇಬಲ್ ಕೆಲವೇ ನೂರು ರೂಪಾಯಿಗೆ ಸಿಗುತ್ತೆ. ಇನ್ನೊಂದು ಕಂಪ್ಯೂಟರ್‌ಗೆ ಚುಚ್ಚಿದ್ರೆ ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತೆ. "ಫಾರ್ಮ್ಯಾಟ್ ಮಾಡಬೇಕಾ?" ಅಂತ ವಿಂಡೋಸ್ ಕೇಳಿದ್ರೆ ಯಾವ ಕಾರಣಕ್ಕೂ ಹೂಂ ಅನ್ನಬೇಡಿ.

ಎರಡು, ಲೈವ್ ಲಿನಕ್ಸ್. ಇನ್ನೊಂದು ಕಂಪ್ಯೂಟರ್‌ನಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಬರೆದುಕೊಳ್ಳಿ. ಆ ಪೆನ್‌ಡ್ರೈವ್‌ನಲ್ಲಿ ಇದ್ದಿದ್ದು ಅಳಿಸಿಹೋಗುತ್ತೆ, ಖಾಲಿಯದನ್ನೇ ತಗೊಳ್ಳಿ. ಬೂಟ್ ಮೆನುವಿನಲ್ಲಿ ಅದನ್ನ ಆರಿಸಿ, "ಇನ್‌ಸ್ಟಾಲ್" ಅನ್ನದೆ "ಟ್ರೈ" ಅನ್ನಿ. ಇನ್‌ಸ್ಟಾಲ್ ಮಾಡದೇನೇ ಲಿನಕ್ಸ್ ಓಡುತ್ತೆ. ನಿಮ್ಮ ಫೋಲ್ಡರ್ ತೆರೆದು ಎಕ್ಸ್‌ಟರ್ನಲ್ ಡಿಸ್ಕ್‌ಗೆ ಎಳೆದು ಹಾಕಿಕೊಳ್ಳಿ.

ಇಲ್ಲೊಂದು ಬೀಗ ಅಡ್ಡ ಬರಬಹುದು: ಬಿಟ್‌ಲಾಕರ್. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ರೆ 48 ಅಂಕಿಗಳ ರಿಕವರಿ ಕೀ ಕೇಳುತ್ತೆ. ಬಯೋಸ್ ಸೆಟ್ಟಿಂಗ್ ಬದಲಿಸಿದಾಗ್ಲೂ ಕೇಳಬಹುದು. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆಗಿದ್ರೆ ಸಾಮಾನ್ಯವಾಗಿ ಆ ಕೀ ಅದೇ ಅಕೌಂಟ್‌ನಲ್ಲಿ ಇರುತ್ತೆ, ಬೇರೆ ಫೋನಿಂದ ಲಾಗಿನ್ ಆಗಿ ನೋಡಬಹುದು. ಕೀ ಇಲ್ಲ ಅಂದ್ರೆ ಯಾವ ಅಂಗಡಿಯವನೂ ಅದನ್ನ ತೆಗೆಯಲಾರ. ಈಗ ಓದ್ತಿರೋ ಲ್ಯಾಪ್‌ಟಾಪ್ ನಿಮ್ಮದೇ ಆದ್ರೆ ಇವತ್ತೇ ಆ ಕೀ ಎಲ್ಲಿದೆ ನೋಡಿ, ಕಾಗದದ ಮೇಲೆ ಬರೆದಿಡಿ.

ನಿಲ್ದಾಣ ನಾಲ್ಕು: ವಿಂಡೋಸ್ ಸುತ್ತುತ್ತಾನೇ ಇದೆ

ಲೋಗೋ ಬಂತು, ಚುಕ್ಕೆಗಳು ಸುತ್ತುತ್ತಿವೆ, ಮುಂದೆ ಹೋಗ್ತಿಲ್ಲ, ಅಥವಾ ನೀಲಿ ಸ್ಕ್ರೀನ್. ಒಳ್ಳೇ ಸುದ್ದಿ ಏನಂದ್ರೆ ಬಸ್ ಇಲ್ಲಿವರೆಗೆ ಬಂದಿದೆ ಅಂದ್ರೆ ಹಾರ್ಡ್‌ವೇರ್ ಹೆಚ್ಚಾಗಿ ಸರಿಯಿದೆ.

2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್‌ನ ಒಂದು ಕೆಟ್ಟ ಅಪ್‌ಡೇಟ್‌ನಿಂದ ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳಿಗೆ ಪೆಟ್ಟು ಬಿತ್ತು. ವಿಮಾನ ನಿಲ್ದಾಣಗಳಲ್ಲಿ ಕೈಯಲ್ಲಿ ಬೋರ್ಡಿಂಗ್ ಪಾಸ್ ಬರೆದು ಕೊಟ್ರು. ಅಷ್ಟು ಯಂತ್ರಗಳಲ್ಲಿ ಹಾರ್ಡ್‌ವೇರ್ ಏನೂ ಕೆಟ್ಟಿರಲಿಲ್ಲ. ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸಿದ್ರೆ ಎದ್ದು ಕೂರ್ತಿದ್ವು. ಬಿಟ್‌ಲಾಕರ್ ಕೀ ಕೈಯಲ್ಲಿದ್ದವರು ಬೇಗ ಮನೆಗೆ ಹೋದ್ರು, ಇಲ್ಲದವರು ಕೀ ಹುಡುಕ್ತಾ ಕೂತ್ರು. ಫಾರ್ಮ್ಯಾಟ್ ಬೇಕಿರಲಿಲ್ಲ.

ನಿಮ್ಮ ಲ್ಯಾಪ್‌ಟಾಪ್‌ಗೂ ಇದೇ ಲೆಕ್ಕ. ಸುತ್ತುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಆದ ಮೇಲೆ ವಿಂಡೋಸ್ 10, 11 ತಾವಾಗೇ ರಿಪೇರಿ ಮೆನು ತೋರಿಸ್ತವೆ. ಅಲ್ಲಿ ಈ ಕ್ರಮದಲ್ಲಿ ಹೋಗಿ: ಮೊದಲು ಸ್ಟಾರ್ಟ್‌ಅಪ್ ರಿಪೇರ್. ಆಗದಿದ್ರೆ ಇತ್ತೀಚೆಗೆ ಬಂದ ಅಪ್‌ಡೇಟ್ ತೆಗೆಯೋದು. ಆಮೇಲೆ ಸೇಫ್ ಮೋಡ್, ಅಲ್ಲಿ ಹೊಸದಾಗಿ ಹಾಕಿದ ಡ್ರೈವರ್ ಅಥವಾ ಸಾಫ್ಟ್‌ವೇರ್ ತೆಗೆಯೋದು. ಆಮೇಲೆ ಸಿಸ್ಟಂ ರಿಸ್ಟೋರ್. "ರಿಸೆಟ್ ದಿಸ್ ಪಿಸಿ" ಅನ್ನೋದು ಕೊನೆಯದು. ಅದರಲ್ಲಿ "ಕೀಪ್ ಮೈ ಫೈಲ್ಸ್" ಅಂತ ಇದ್ರೂ ಮೊದಲು ಡೇಟಾ ಹೊರಗೆ ತೆಗೆದುಕೊಂಡೇ ಒತ್ತಿ.

ಅಂಗಡಿಗೆ ಹೋಗಲೇಬೇಕು ಅಂದ್ರೆ

ಮುಂಬೈಯ ಲ್ಯಾಮಿಂಗ್ಟನ್ ರೋಡ್, ಪುಣೆಯ ತಾಪ್ಕೀರ್ ಗಲ್ಲಿ, ಚೆನ್ನೈಯ ರಿಚಿ ಸ್ಟ್ರೀಟ್, ಸಿಕಂದರಾಬಾದ್‌ನ ಚೆನಾಯ್ ಟ್ರೇಡ್ ಸೆಂಟರ್, ದೆಹಲಿಯ ನೆಹರೂ ಪ್ಲೇಸ್, ನಮ್ಮ ಬೆಂಗಳೂರಿನ ಎಸ್‌ಪಿ ರೋಡ್. ಈ ಗಲ್ಲಿಗಳಲ್ಲಿ ಮೈಕ್ರೋಸ್ಕೋಪ್ ಇಟ್ಟುಕೊಂಡು ಅಕ್ಕಿಕಾಳಿಗಿಂತ ಸಣ್ಣ ಪಾರ್ಟ್ ಬದಲಿಸೋ ನಿಜವಾದ ಕುಶಲಕರ್ಮಿಗಳಿದ್ದಾರೆ. ಅವರ ಪಕ್ಕದಲ್ಲೇ ಎಲ್ಲಕ್ಕೂ "ಬೋರ್ಡ್ ಹೋಗಿದೆ" ಅನ್ನೋರೂ ಇದ್ದಾರೆ. ಭಾಷೆ ಬರದ ಊರಲ್ಲಿ ವ್ಯತ್ಯಾಸ ಗೊತ್ತಾಗೋದು ಕಷ್ಟ. ಅದಕ್ಕೇ ಇದಿಷ್ಟು ಮಾಡಿ:

- ಸಾಧ್ಯವಾದ್ರೆ ಡಿಸ್ಕ್ ತೆಗೆದು ಮನೆಯಲ್ಲಿಟ್ಟು ಬರೀ ಲ್ಯಾಪ್‌ಟಾಪ್ ಕೊಡಿ. ಕರೆಂಟ್, ರ‍್ಯಾಮ್, ಸ್ಕ್ರೀನ್ ರಿಪೇರಿಗೆ ನಿಮ್ಮ ಡಿಸ್ಕ್ ಬೇಕಿಲ್ಲ.
- ರ‍್ಯಾಮ್, ಡಿಸ್ಕ್, ಬ್ಯಾಟರಿಯ ಸೀರಿಯಲ್ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ.
- "ಆನ್ ಆಗ್ತಿಲ್ಲ" ಅನ್ನಬೇಡಿ. "ಅಡಾಪ್ಟರ್ ಸರಿಯಿದೆ, ಫ್ಯಾನ್ ತಿರುಗುತ್ತೆ, ಕ್ಯಾಪ್ಸ್ ಲಾಕ್ ಹತ್ತಲ್ಲ, ರ‍್ಯಾಮ್ ಬದಲಿಸಿ ನೋಡಿದ್ದೀನಿ" ಅನ್ನಿ. ಗೊತ್ತಿರೋ ಗಿರಾಕಿ ಅಂತ ಅರ್ಥವಾದ್ರೆ ಮಾತಿನ ಧಾಟಿಯೇ ಬೇರೆ ಆಗುತ್ತೆ.
- ರಸೀದಿಯ ಮೇಲೆ "ಕೇಳದೆ ಫಾರ್ಮ್ಯಾಟ್ ಮಾಡಬಾರದು" ಅಂತ ಬರೆಸಿ. ಬದಲಿಸಿದ ಹಳೇ ಪಾರ್ಟ್ ವಾಪಸ್ ಕೇಳಿ.

ಇನ್ನು, ಎಷ್ಟು ಖರ್ಚು ಮಾಡೋದು? ಡೇಟಾ ಕೈಗೆ ಬಂದ ಮೇಲೆ ಹಳೇ ಲ್ಯಾಪ್‌ಟಾಪ್ ಮೇಲಿನ ಮೋಹ ಸ್ವಲ್ಪ ಇಳಿಸಿ. ಸೆಲ್, ರ‍್ಯಾಮ್, ಎಸ್‌ಎಸ್‌ಡಿ ಮಟ್ಟಿಗೆ ಖರ್ಚು ಮಾಡಬಹುದು. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ರೆ ವೇಗದ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ. ಬೋರ್ಡ್ ಬದಲಿಸೋ ಮಾತು ಬಂದ್ರೆ ಬೇಡ ಅನ್ನಿ. ಜೊತೆಗೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಸಪೋರ್ಟ್ ಮುಗಿದಿದೆ. ವಿಂಡೋಸ್ 11 ಇಷ್ಟು ಹಳೇ ಪ್ರೊಸೆಸರ್‌ಗಳನ್ನ ಅಧಿಕೃತವಾಗಿ ಒಪ್ಪಲ್ಲ. ಯೂಟ್ಯೂಬ್, ಬ್ರೌಸಿಂಗ್‌ಗೆ ಸಾಕು ಅಂದ್ರೆ ಲಿನಕ್ಸ್ ಹಾಕಿ ಕೊಡಿ.

ಆಮೇಲೆ ಏನಾಯ್ತು?

ಆ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅಪ್ಪಾಜಿ ಲ್ಯಾಪ್‌ಟಾಪ್ ಆನ್ ಆಗಿತ್ತು. "ಆಫ್ ಮಾಡಬ್ಯಾಡ್ರಿ" ಅಂದೆ. ಸೆಲ್ ಇನ್ನೂ ಸತ್ತೇ ಇತ್ತಲ್ಲ, ಚಾರ್ಜರ್ ಕಿತ್ತರೆ ಮತ್ತೆ ಮರೆವು. ಪಕ್ಕದ ಮನೆ ಹುಡುಗ ಪೆನ್‌ಡ್ರೈವ್ ತಂದ. ಅವ್ವನ ಫೋಲ್ಡರ್ ಪೂರ್ತಿ ಕಾಪಿ ಆಗೋವರೆಗೂ ಇಬ್ಬರೂ ವಿಡಿಯೋ ಕಾಲ್ ಕಟ್ ಮಾಡಲಿಲ್ಲ. ಅದರಲ್ಲಿ ಒಂದು ವಿಡಿಯೋ ಇದೆ, ಅವ್ವ ರೊಟ್ಟಿ ಬಡಿತಾ "ಅದನ್ನ ಬಂದ್ ಮಾಡೋ, ಬಿಸಿ ಇದ್ದಾಗ ಉಣ್ಣು ಬಾ" ಅಂತ ಬೈಯೋದು. ಅದು ಅಲ್ಲಿದೆ ಅಂತ ನನಗೇ ನೆನಪಿರಲಿಲ್ಲ. ಅಪ್ಪಾಜಿ ಅದನ್ನ ಎರಡು ಸಲ ಹಾಕಿ ಕೇಳಿದ್ರು. ನಾನು ಮೈಕ್ ಮ್ಯೂಟ್ ಮಾಡಿ ಕೂತಿದ್ದೆ.

ಮುಂದಿನ ಸಲ ಊರಿಗೆ ಹೋದಾಗ ಹೊಸ ಸೆಲ್ ಹಾಕಿಬಂದೆ. ಆ ಫೋಲ್ಡರ್ ಈಗ ಮೂರು ಕಡೆ ಇದೆ: ಗದಗದ ಲ್ಯಾಪ್‌ಟಾಪ್, ಪುಣೆಯಲ್ಲಿ ಒಂದು ಎಕ್ಸ್‌ಟರ್ನಲ್ ಡಿಸ್ಕ್, ಕ್ಲೌಡ್‌ನಲ್ಲಿ ಒಂದು ಕಾಪಿ. ರೂಮ್‌ಮೇಟ್‌ಗೂ ಫೋನ್ ಮಾಡಿದೆ. ಅವನ ಅಕ್ಕನ ಮದುವೆಯ ಕೆಲವು ಫೋಟೋ ಭಾವನ ಕಡೆಯವರ ಹತ್ತಿರ ಸಿಕ್ಕಿವೆಯಂತೆ, ಎಲ್ಲ ಅಲ್ಲ.

ಇವತ್ತು ರಾತ್ರಿ ಊಟ ಆದ ಮೇಲೆ ಊರಿಗೊಂದು ಫೋನ್ ಮಾಡಿ. ಕಪಾಟಿನಲ್ಲಿ ನಿಮ್ಮ ಹಳೇ ಲ್ಯಾಪ್‌ಟಾಪ್ ಇದ್ರೆ ಚಾರ್ಜರ್ ಹಾಕಿ ಒಮ್ಮೆ ಆನ್ ಮಾಡೋಕೆ ಹೇಳಿ. ಎದ್ದರೆ ಇವತ್ತೇ ಕಾಪಿ ಮಾಡಿಸಿ. ಏಳದಿದ್ರೆ ಗಾಬರಿ ಬೇಡ, ಬಸ್ ಎಲ್ಲಿ ನಿಂತಿದೆ ಅಂತ ಮೊದಲು ನೋಡಿ.

ಮತ್ತೆ ಸಿಗೋಣ. ನಮಸ್ಕಾರ.